ಹಿರಿಯರ ಆರೈಕೆಯಲ್ಲಿ ಅಲಕ್ಷ್ಯ: ನ್ಯಾಯವಾದಿಯನ್ನು ಅರಸುವ ಬಗೆ

ಕಳೆದ ಶ್ರಾವಣದ ಪ್ರವಚನ ಮುಗಿದು ಭಕ್ತರು ದಾಸೋಹಕ್ಕೆ ಏಳುತ್ತಿದ್ದ ಹೊತ್ತು. ಸಹೋದರಿಯೊಬ್ಬರು ನಮ್ಮ ಬಳಿ ಬಂದು ಕುಳಿತು, ಪತ್ರಿಕೆಯಲ್ಲಿ ಆರೋಗ್ಯದ ಬಗ್ಗೆ ಬರೆಯುವವರು ನೀವೇ ಅಲ್ಲವೆ ಎಂದು ವಿಚಾರಿಸಿ, ಮೊಬೈಲಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದರು. ಅವರ 81 ವರ್ಷದ ತಾಯಿಯ ಸೊಂಟದ ಹಿಂಭಾಗದ ಚಿತ್ರ ಅದು. ಅಂಗೈಯಗಲದ ಹುಣ್ಣು, ನಡುವೆ ಕಪ್ಪುಗಟ್ಟಿದ ಮಾಂಸ. “ಅವ್ವಗ ವಯಸ್ಸಾಗೇದ, ಇಂಥಾವೆಲ್ಲ ಆಗತಾವ ಅಂತ ಅಲ್ಲಿಯವರು ಹೇಳತಾರ್ರಿ. ಖರೇ ಏನ್ರಿ?” ಎಂದು ಕೇಳಿದರು.

ಖರೆ ಅಲ್ಲವೆಂದೆವು. ವಯಸ್ಸು ಹುಣ್ಣಿಗೆ ದಾರಿ ಮಾಡಿಕೊಡಬಹುದು. ಆದರೆ ಹುಣ್ಣು ಅಷ್ಟು ದೊಡ್ಡದಾಗುವವರೆಗೆ, ದಿನವೂ ಮೈ ಒರೆಸಿ ಬಟ್ಟೆ ಬದಲಿಸುವವರ ಕಣ್ಣಿಗೆ ಅದು ಬೀಳದೆ ಇರುವುದು ಸಾಧ್ಯವಿಲ್ಲ. ತಾಯಿಯ ಕೊರಳಲ್ಲಿ ಶಿವದಾರವೂ ಇರಲಿಲ್ಲವಂತೆ. ಇಷ್ಟಲಿಂಗವೆಲ್ಲಿ ಎಂದು ಕೇಳಿದ್ದಕ್ಕೆ, ಸ್ನಾನದ ಹೊತ್ತಿಗೆ ತೆಗೆದಿರಿಸಿದ್ದೇವೆ ಎಂಬ ಉತ್ತರ ಬಂದಿತ್ತು. ಅದು ಎಷ್ಟು ದಿನದ ಹಿಂದಿನ ಸ್ನಾನವೆಂದು ಕೇಳುವ ಧೈರ್ಯ ತಮಗಾಗಲಿಲ್ಲವೆಂದು ಸಹೋದರಿ ಹೇಳಿದರು. ಬಳಿಕ ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ: “ಛಲೋ ವಕೀಲರು ಯಾರದಾರ, ಹೇಳ್ರಿ.”

ನಾವು ವೈದ್ಯರೇ ಹೊರತು ನ್ಯಾಯವಾದಿಗಳಲ್ಲ. ಆದರೂ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ಈ ಆರು ತಿಂಗಳಲ್ಲಿ ಆ ಸಹೋದರಿಯೊಡನೆ ಕೆಲವು ಕಚೇರಿಗಳಿಗೆ ಹೋಗಿ ಬಂದೆವು. ಮಠದ ಭಕ್ತರೇ ಆದ ಹಿರಿಯ ನ್ಯಾಯವಾದಿಯೊಬ್ಬರನ್ನು ಕಂಡು ಕೇಳಿ ತಿಳಿದೆವು. ಈ ಲೇಖನದ ಕಾನೂನಿನ ಭಾಗವನ್ನು ಅವರು ಓದಿ ತಿದ್ದಿಕೊಟ್ಟಿದ್ದಾರೆ.

ಮೊದಲಿಗೆ ಒಂದು ಪದದ ಗೊಂದಲ ನೀಗಬೇಕು. ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಯೋ ಶಸ್ತ್ರಚಿಕಿತ್ಸೆಯೋ ಆಗುವ ಚಿಕ್ಕ ಖಾಸಗಿ ಆಸ್ಪತ್ರೆ. ಅಮೆರಿಕೆಯಲ್ಲಿ ಅದೇ ಮಾತಿಗೆ ವೃದ್ಧರು ವರ್ಷಗಟ್ಟಲೆ ಉಳಿಯುವ ಆರೈಕೆಯ ಮನೆ ಎಂಬ ಅರ್ಥ. ಅಂಥ ಮನೆಗಳು ಈಗ ನಮ್ಮಲ್ಲಿಯೂ ಬಂದಿವೆ: ಬೆಂಗಳೂರಿನ ಹೊರವಲಯದಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿ-ಧಾರವಾಡದಲ್ಲಿ. ವೃದ್ಧಾಶ್ರಮ, ಹಿರಿಯರ ನಿವಾಸ, ಆರೈಕೆ ಕೇಂದ್ರ, ಹೀಗೆ ಹೆಸರು ಹಲವು. ತಿಂಗಳಿಗೆ ಇಷ್ಟೆಂದು ಹಣ ಪಡೆದು ಊಟ, ಸ್ನಾನ, ಔಷಧ, ಮಗ್ಗುಲು ಬದಲಿಸುವುದು ಇವೆಲ್ಲವನ್ನೂ ನೋಡಿಕೊಳ್ಳುತ್ತೇವೆಂದು ಒಪ್ಪಿಕೊಂಡ ಸಂಸ್ಥೆಗಳ ಕುರಿತು ಈ ಲೇಖನ.

ಇಂಥಲ್ಲಿ ತಾಯಿತಂದೆಯರನ್ನು ಇರಿಸಿದವರು ದೂರು ಕೊಡಲು ಹಿಂಜರಿಯುವುದು ಕಾನೂನಿನ ಭಯದಿಂದಲ್ಲ, ನೆಂಟರ ಭಯದಿಂದ. “ಹೆತ್ತವ್ವನನ್ನು ಅಲ್ಲಿ ಬಿಟ್ಟವರು ಯಾರು?” ಎಂಬ ಮಾತು ಎದುರಾಗುತ್ತದೆಂದು ಬಾಯಿ ಕಟ್ಟಿಹೋಗುತ್ತದೆ. ಆ ಸಹೋದರಿಯ ಪತಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಮೂರು ಬಾರಿ ಡಯಾಲಿಸಿಸ್. ಮರೆವಿನ ರೋಗದ ತಾಯಿಯನ್ನು ಹಗಲಿರುಳು ಕಾಯಲು ಮನೆಯಲ್ಲಿ ಮತ್ತೊಂದು ಜೀವವಿರಲಿಲ್ಲ. ಇದನ್ನು ಬಲ್ಲವರು ಆಕೆಯನ್ನು ದೂಷಿಸಲಾರರು. ದುಡ್ಡು ಪಡೆದು ಹೊಣೆ ಹೊತ್ತವರು ಹೊಣೆ ಮರೆತರೆ ತಪ್ಪು ಅವರದು.

ಇನ್ನು ವೈದ್ಯರಾಗಿ ನಾವು ಹೇಳಬಹುದಾದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 60 ದಾಟಿದ ಪ್ರತಿ ಆರು ಜನರಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಈಡಾಗುತ್ತಾರೆ. ಹೊಡೆತ ಬಡಿತ ಇವುಗಳಲ್ಲಿ ಒಂದು ಭಾಗ ಮಾತ್ರ. ನಮ್ಮ ಕಣ್ಣಿಗೆ ಹೆಚ್ಚಾಗಿ ಬಿದ್ದಿರುವುದು ಅಲಕ್ಷ್ಯ: ನೀರು ಕೊಡಲು ಮರೆಯುವುದು, ಒದ್ದೆ ಬಟ್ಟೆಯಲ್ಲಿಯೇ ಬಿಡುವುದು, ಕೂಗಿದರೆ ಓಗೊಡದಿರುವುದು.

ಹಾಸಿಗೆ ಹುಣ್ಣು ಮೂಡುವುದು ಮೂಳೆಯು ಚರ್ಮವನ್ನು ಒತ್ತುವ ಕಡೆಗಳಲ್ಲಿ, ಅಂದರೆ ಬೆನ್ನಿನ ಕೆಳತುದಿ, ಹಿಮ್ಮಡಿ, ತೊಡೆಯ ಕೀಲಿನ ಹೊರಭಾಗಗಳಲ್ಲಿ. ಒತ್ತಡದಿಂದ ರಕ್ತಸಂಚಾರ ನಿಂತು ಮಾಂಸ ಸಾಯುತ್ತದೆ. ಆದ್ದರಿಂದಲೇ ತಾವಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ವಾಡಿಕೆ ಬಂದಿದೆ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಳ್ಳದ ಕೆಂಪು ಕಲೆ ಮಾತ್ರ ಇರುತ್ತದೆ. ನಮ್ಮವರ ಮೈಬಣ್ಣಕ್ಕೆ ಆ ಕೆಂಪು ಎಷ್ಟೋ ಬಾರಿ ಕಾಣುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ, ಮುಟ್ಟಿದರೆ ಬಿಸಿಯಾಗಿ ಅಥವಾ ಗಟ್ಟಿಯಾಗಿ ತೋರುವ ಜಾಗವನ್ನು ಗಮನಿಸಬೇಕು. ನಾಲ್ಕನೆಯ ಹಂತಕ್ಕೆ ಹುಣ್ಣು ಸ್ನಾಯು, ಮೂಳೆಗಳವರೆಗೆ ಇಳಿದಿರುತ್ತದೆ. ಹೀಗಿದ್ದೂ ಒಂದು ಮಾತನ್ನು ನ್ಯಾಯವಾಗಿ ಹೇಳಲೇಬೇಕು: ಅಂತ್ಯಕಾಲದಲ್ಲಿರುವ, ರಕ್ತಸಂಚಾರ ಕುಂದಿದ ರೋಗಿಗೆ ಎಷ್ಟೇ ನಿಷ್ಠೆಯಿಂದ ಆರೈಕೆ ಮಾಡಿದರೂ ಕೆಲವೊಮ್ಮೆ ಹುಣ್ಣಾಗುತ್ತದೆ. ಹುಣ್ಣು ಕಂಡಾಗ ಅವರು ವೈದ್ಯರನ್ನು ಕರೆಸಿದರೆ? ಮನೆಯವರಿಗೆ ತಿಳಿಸಿದರೆ? ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ.

ಚರ್ಮ ಕಂದಿದ ಗುರುತುಗಳ ವಿಷಯದಲ್ಲಿಯೂ ಆತುರ ಸಲ್ಲದು. ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುವ ವೃದ್ಧರ ಕೈ ಮೇಲೆ ಸಣ್ಣ ತಾಕಿಗೂ ನೀಲಿಗಟ್ಟುತ್ತದೆ. ಆದರೆ ಎರಡೂ ಮಣಿಕಟ್ಟುಗಳಲ್ಲಿ ಒಂದೇ ಬಗೆಯ ಕಲೆ, ತೋಳಿನ ಒಳಭಾಗದಲ್ಲಿ ಬೆರಳಚ್ಚಿನಂಥ ಗುರುತು ಇದ್ದರೆ ಯಾರೋ ಬಿಗಿಯಾಗಿ ಹಿಡಿದಿದ್ದಾರೆ ಅಥವಾ ಕಟ್ಟಿಹಾಕಿದ್ದಾರೆ ಎಂದು ಸಂಶಯಿಸಬೇಕು. ಒಂದು ತಿಂಗಳಲ್ಲಿ ದೇಹದ ತೂಕ ಶೇಕಡ 5ರಷ್ಟು ಇಳಿದರೆ, ಅಂದರೆ 60 ಕಿಲೋ ಇದ್ದವರು 57ಕ್ಕೆ ಬಂದರೆ, ಅದಕ್ಕೆ ಕಾರಣವನ್ನು ಹುಡುಕಲೇಬೇಕು. ಹಗಲೆಲ್ಲ ಮಂಪರಿನಲ್ಲಿರುವವರಿಗೆ ಯಾವ ಔಷಧ ಕೊಡುತ್ತಿದ್ದಾರೆ, ಯಾವ ವೈದ್ಯರು ಅದನ್ನು ಬರೆದುಕೊಟ್ಟರು ಎಂದು ಕೇಳಬೇಕು. ಸಿಬ್ಬಂದಿ ಕಡಿಮೆ ಇರುವ ಕಡೆ ನಿದ್ದೆ ಗುಳಿಗೆಯೇ ಆಯಾ ಆಗಿರುವುದುಂಟು. ನಮ್ಮ ಸಮಾಜದ ಹಿರಿಯರಿಗಂತೂ ಇನ್ನೊಂದು ಗುರುತಿದೆ. ಜೀವಮಾನವಿಡೀ ಲಿಂಗಪೂಜೆ ತಪ್ಪಿಸದವರ ಹಣೆಯಲ್ಲಿ ವಿಭೂತಿಯಿಲ್ಲ, ಎದೆಯ ಮೇಲೆ ಕರಡಿಗೆಯಿಲ್ಲ, ಕೇಳಿದರೆ ಯಾರಿಗೂ ಗೊತ್ತಿಲ್ಲ ಎಂದಾದರೆ, ಅವರನ್ನು ಒಬ್ಬ ಮನುಷ್ಯನನ್ನಾಗಿ ಅಲ್ಲಿ ಯಾರೂ ನೋಡುತ್ತಿಲ್ಲವೆಂದೇ ಅರ್ಥ.

ಮೊದಲ ಮೂರು ದಿನ

ಸಂಶಯ ಬಲವಾದೊಡನೆ ವಕೀಲರ ಮನೆಗೆ ಓಡುವುದಕ್ಕಿಂತ ಮೊದಲು ಹಿರಿಯರನ್ನು ಅಲ್ಲಿಂದ ಹೊರತರಬೇಕು. ಅವರನ್ನು ಅಲ್ಲಿಯೇ ಇರಿಸಿ ದೂರು ಕೊಟ್ಟರೆ ಆ ಕೋಪವೆಲ್ಲ ಬಾಯಿಲ್ಲದ ಜೀವದ ಮೇಲೆ ತೀರುತ್ತದೆ. ನಾವು ಆ ಸಹೋದರಿಗೆ ಹೇಳಿದ ಮೊದಲ ಮಾತೂ ಇದೇ. ಮರುದಿನವೇ ತಾಯಿಯನ್ನು ಸರಕಾರಿ ಆಸ್ಪತ್ರೆಗೆ ಸೇರಿಸಿದರು.

ಆಸ್ಪತ್ರೆಯಲ್ಲಿ ಸೇರಿಸುವಾಗ, ಆರೈಕೆಯ ಮನೆಯಲ್ಲಿ ಹೀಗಾಗಿದೆಯೆಂದು ಸ್ಪಷ್ಟವಾಗಿ ಹೇಳಿ, ಇದನ್ನು ವೈದ್ಯಕೀಯ-ಕಾನೂನು ಪ್ರಕರಣವೆಂದು ದಾಖಲಿಸಲು ಕೇಳಿಕೊಳ್ಳಬೇಕು. ಎಂ.ಎಲ್.ಸಿ. ಎಂದರೆ ಅಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆಗ ಪೊಲೀಸರಿಗೂ ಆಸ್ಪತ್ರೆಯಿಂದಲೇ ಮಾಹಿತಿ ಹೋಗುತ್ತದೆ. ಹುಣ್ಣಿನ ಅಳತೆ ಎಷ್ಟು ಸೆಂಟಿಮೀಟರ್, ಆಳವೆಷ್ಟು, ಯಾವ ಹಂತ, ಸೇರಿದ ದಿನದ ತೂಕ, ರಕ್ತಪರೀಕ್ಷೆಯಲ್ಲಿ ಸೋಡಿಯಂ ಮತ್ತು ಆಲ್ಬುಮಿನ್ ಪ್ರಮಾಣ ಇವನ್ನು ವೈದ್ಯರು ಬರೆಯುವಂತೆ ವಿನಂತಿಸಬೇಕು. ‘ಹಾಸಿಗೆ ಹುಣ್ಣು ಇದೆ’ ಎಂಬ ಒಂದು ಸಾಲಿಗೂ ಈ ವಿವರಗಳಿಗೂ ನ್ಯಾಯಾಲಯದಲ್ಲಿ ಅಜಗಜಾಂತರ. ನಮ್ಮ ವೃತ್ತಿಬಾಂಧವರು ಈ ವಿಷಯದಲ್ಲಿ ಕೈ ಬಿಗಿಹಿಡಿಯುತ್ತಾರೆಂಬುದನ್ನು ಒಪ್ಪಿಕೊಳ್ಳುತ್ತೇವೆ; ಸಾಕ್ಷಿ ಹೇಳಲು ಅಲೆಯಬೇಕೆಂಬ ಅಂಜಿಕೆ ಅವರದು. ಆದರೂ ರೋಗಿಯ ಕಡೆಯವರು ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕೆಂದು ವೈದ್ಯರ ವೃತ್ತಿನಡತೆಯ 2002ರ ನಿಯಮಗಳೇ ಹೇಳುತ್ತವೆ.

ಚಿತ್ರಗಳನ್ನು ತೆಗೆದ ಮೊಬೈಲನ್ನು ಮಾರಬಾರದು, ಅದರಿಂದ ಚಿತ್ರಗಳನ್ನು ಅಳಿಸಲೂ ಬಾರದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ವಿದ್ಯುನ್ಮಾನ ದಾಖಲೆಯೊಡನೆ ಒಂದು ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಮೂಲ ಸಾಧನ ಕೈಯಲ್ಲಿದ್ದರೆ ಅದು ಸುಲಭ. ಅದೇ ದಿನ ಆರೈಕೆಯ ಮನೆಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹೋಗಬೇಕು: ಸಿಸಿಟಿವಿ ದೃಶ್ಯಗಳನ್ನು ಅಳಿಸಬೇಡಿ, ಔಷಧ ಕೊಟ್ಟ ಪಟ್ಟಿ, ಮಗ್ಗುಲು ಬದಲಿಸಿದ ವಹಿ, ಕೆಲಸದವರ ಹಾಜರಿ ಇವುಗಳ ಪ್ರತಿ ಕೊಡಿ ಎಂದು. ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ತಾನಾಗಿ ದಾಖಲಾಗುತ್ತ ಹೋಗುವುದರಿಂದ ಕೆಲವೇ ವಾರಗಳಲ್ಲಿ ದೃಶ್ಯ ಸಿಕ್ಕದಂತಾಗುತ್ತದೆ. ಪತ್ರದಲ್ಲಿ ಬೈಗುಳ ಬೇಡ. ಹಣ ಕಟ್ಟಿದ ರಸೀದಿಗಳು, ಬ್ಯಾಂಕಿನ ವಿವರ, ಸೇರಿಸುವಾಗ ಸಹಿ ಮಾಡಿದ ಕರಾರು, ವಾಟ್ಸಾಪ್ ಸಂದೇಶಗಳು ಎಲ್ಲವೂ ಒಂದು ಕಡತದಲ್ಲಿ ದಿನಾಂಕದಂತೆ ಸೇರಲಿ.

ಆಪತ್ತಿನ ಹೊತ್ತಿಗೆ 112. ಹಿರಿಯ ನಾಗರಿಕರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14567. ಬೆಂಗಳೂರಿನವರಿಗೆ 1090 ಸಹ ಇದೆ. ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಎಂಬ ಸಂಸ್ಥೆಯೂ ಸೇರಿ 2002ರಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ.

ಯಾವ ಬಾಗಿಲು, ಯಾವ ವಕೀಲರು

ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸಿದೆ. ಅಮೆರಿಕೆಯಲ್ಲಿರುವ ನಮ್ಮ ಭಕ್ತರೊಬ್ಬರು ಊರಿನಲ್ಲಿರುವ ತಂದೆಗಾಗಿ ದೂರವಾಣಿಯಲ್ಲಿ ಕೇಳಿದ್ದರು: ಇಲ್ಲಿ ಟಿವಿಯಲ್ಲಿಯೇ ವಕೀಲರು ಕರೆಯುತ್ತಾರೆ, ಗೆದ್ದರೆ ಮಾತ್ರ ಪರಿಹಾರದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ, ಅಂಥವರು ಕರ್ನಾಟಕದಲ್ಲಿ ಯಾರು ಎಂದು. ಅಂಥವರು ಇಲ್ಲಿ ಇರುವಂತಿಲ್ಲ. ಮೊಕದ್ದಮೆಯ ಫಲಿತಾಂಶಕ್ಕೆ ಕಟ್ಟುಬಿದ್ದ ಶುಲ್ಕ, ಬಂದ ಹಣದಲ್ಲಿ ಪಾಲು ಎರಡೂ ನಮ್ಮಲ್ಲಿ ವೃತ್ತಿನಿಯಮಕ್ಕೆ ವಿರುದ್ಧ. ಆ ಸಹೋದರಿ ಮೊದಲು ಕಂಡ ವಕೀಲರು, ಈಗೇನೂ ಕೊಡಬೇಡಿ, ಬರುವ ಪರಿಹಾರದಲ್ಲಿ ಮೂರನೆಯ ಒಂದು ಪಾಲು ಕೊಡಿ ಎಂದು ಖಾಲಿ ಹಾಳೆಗಳ ಮೇಲೆ ಸಹಿ ಕೇಳಿದ್ದರು. ಸಹೋದರಿ ಸಹಿ ಮಾಡದೆ ಎದ್ದು ಬಂದರು. ಅದು ಅವರ ಪುಣ್ಯ.

ಹಾಗಾದರೆ ಹುಡುಕುವುದೆಲ್ಲಿ? ಮೊದಲ ವಿಳಾಸ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ. 1987ರ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ಹಿರಿಯ ನಾಗರಿಕರಿಗೆಂದೇ ರಾಷ್ಟ್ರೀಯ ಪ್ರಾಧಿಕಾರ 2016ರಲ್ಲಿ ಒಂದು ಯೋಜನೆಯನ್ನು ರೂಪಿಸಿದೆ. ಅದರ ದೂರವಾಣಿ 15100. ಪುಕ್ಕಟೆ ವಕೀಲರು ಚೆನ್ನಾಗಿ ವಾದಿಸುವುದಿಲ್ಲವೆಂಬ ಮಾತು ನಮ್ಮ ಕಡೆ ಬಹಳ. ಕೆಲವರ ವಿಷಯದಲ್ಲಿ ನಿಜವೂ ಇರಬಹುದು. ಆದರೆ ನಾವು ಕಂಡ ಮಹಿಳಾ ವಕೀಲರೊಬ್ಬರು, ಫೀ ಕೊಟ್ಟ ವಕೀಲರಿಗಿಂತ ಹೆಚ್ಚು ಹೊತ್ತು ಕುಳಿತು ಇಡೀ ಕಡತ ಓದಿದರು.

ಎರಡನೆಯ ದಾರಿಯನ್ನು ತಿಳಿಸಿದವರು ನಮ್ಮ ನ್ಯಾಯವಾದಿಗಳು. ಜಿಲ್ಲಾ ಗ್ರಾಹಕರ ಆಯೋಗದ ಕಲಾಪ ಎಲ್ಲರಿಗೂ ತೆರೆದಿರುತ್ತದೆ. ಒಂದು ಅರ್ಧ ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ ಎಂದರು. ಆಸ್ಪತ್ರೆ, ವೈದ್ಯರ ಪ್ರಕರಣಗಳನ್ನು ಯಾರು ನಡೆಸುತ್ತಾರೆ, ಯಾರು ಸಿದ್ಧರಾಗಿ ಬರುತ್ತಾರೆ, ಯಾರು ಪ್ರತಿ ಸಲ ಮುಂದಿನ ದಿನಾಂಕ ಬೇಡುತ್ತಾರೆ ಎಂಬುದು ಎರಡು ಗಂಟೆಯಲ್ಲಿ ತಿಳಿಯುತ್ತದೆ. ಹೋಗಿ ಕುಳಿತೆವು. ತಿಳಿಯಿತು.

ವಕೀಲರನ್ನು ಕಂಡಾಗ ಸಂಕೋಚವಿಲ್ಲದೆ ಕೇಳಬೇಕಾದುವಿವೆ. ಇಂಥ ಪ್ರಕರಣ ಹಿಂದೆ ನಡೆಸಿದ್ದೀರಾ? ಹಾಜರಾಗುವವರು ನೀವೇ ಅಥವಾ ಕಿರಿಯರೇ? ಶುಲ್ಕವೆಷ್ಟು, ಯಾವ ಹಂತದಲ್ಲಿ ಎಷ್ಟು, ರಸೀದಿ ಕೊಡುತ್ತೀರಾ? ಎದುರು ಪಕ್ಷದವರ ವಕಾಲತ್ತು ನಿಮ್ಮಲ್ಲಿದೆಯೇ? ಆ ಕೊನೆಯ ಪ್ರಶ್ನೆ ಚಿಕ್ಕ ಊರುಗಳಲ್ಲಿ ಬಹಳ ಮುಖ್ಯ. ಗೆಲುವು ಖಂಡಿತವೆಂದು ಭರವಸೆ ಕೊಡುವವರಿಗಿಂತ, ನಿಮ್ಮ ಪ್ರಕರಣದ ದುರ್ಬಲ ಭಾಗ ಇದು ಎಂದು ಮೊದಲ ದಿನವೇ ತೋರಿಸುವವರು ಮೇಲು. ಮೂಲ ಕಾಗದಗಳನ್ನು ನಿಮ್ಮಲ್ಲಿಯೇ ಇರಿಸಿಕೊಂಡು ಪ್ರತಿಗಳನ್ನು ಕೊಡಿ. ವಕಾಲತ್ತು ನಾಮೆಯನ್ನು ಓದಿ ಸಹಿ ಮಾಡಿ.

ಇದಕ್ಕೆ ಒಂದು ಕಾರಣವಿದೆ. ವೈದ್ಯರು ಸೇವೆಯಲ್ಲಿ ಲೋಪ ಮಾಡಿದರೆ ಅವರ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಹೇಳಿದೆ. ವಕೀಲರ ವಿಷಯದಲ್ಲಿ ಹಾಗಿಲ್ಲ. ಅವರ ಸೇವೆ ಗ್ರಾಹಕ ಕಾನೂನಿಗೆ ಒಳಪಡುವುದಿಲ್ಲವೆಂದು ಅದೇ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ದುರ್ನಡತೆಯಾದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡುವುದೊಂದು ಹಾದಿ. (ವೈದ್ಯರಾದ ನಮಗೆ ಈ ಭೇದ ತುಸು ಕಹಿಯಾಗಿಯೇ ತೋರುತ್ತದೆ, ಇರಲಿ.) ಶುಲ್ಕದ ಜಗಳದಿಂದ ಕಡತವನ್ನು ಮಾತ್ರ ಯಾವ ವಕೀಲರೂ ಅಡವಾಗಿ ಹಿಡಿದಿಟ್ಟುಕೊಳ್ಳುವಂತಿಲ್ಲ. 2000ನೆಯ ಇಸವಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸ್ಪಷ್ಟಪಡಿಸಿದೆ.

ಹಣ ಕೊಟ್ಟು ಪಡೆದ ಆರೈಕೆಯಲ್ಲಿ ಲೋಪವಾದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ಪರಿಹಾರ ಕೇಳಬಹುದು. ಘಟನೆಯಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಆರೈಕೆಯ ಮನೆ ಬೇರೆ ಜಿಲ್ಲೆಯಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿ ಸಲ್ಲಿಸಬಹುದು. ಸೇವೆಗಾಗಿ ಕಟ್ಟಿದ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಸಹೋದರಿ ತಿಂಗಳಿಗೆ 28,000 ರೂಪಾಯಿಯಂತೆ 14 ತಿಂಗಳು ಕಟ್ಟಿದ್ದರು, ಒಟ್ಟು 3,92,000. ತಾಯಿ ಸಹಿ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಆದರೆ ಹಣ ಕೊಟ್ಟು ಸೇವೆಯನ್ನು ಪಡೆದವರು ಮಗಳಾದ್ದರಿಂದ ಅವರೇ ದೂರುದಾರರಾದರು. ವಕೀಲರಿಲ್ಲದೆಯೂ ಇಲ್ಲಿ ವಾದಿಸಬಹುದು. ಆದರೂ ಎದುರಿನವರು ಅನುಭವಿ ವಕೀಲರನ್ನು ತರುವುದರಿಂದ ನಮಗೂ ಒಬ್ಬರಿದ್ದರೆ ಒಳಿತು. ‘ಏನಾದರೂ ಆದರೆ ಆಡಳಿತ ಮಂಡಳಿ ಹೊಣೆಯಲ್ಲ’ ಎಂದು ಕರಾರಿನಲ್ಲಿ ಅಚ್ಚಾದ ಸಾಲನ್ನು ಕಂಡು ಎದೆಗುಂದಬೇಕಾಗಿಲ್ಲ. ಆ ಒಂದು ಸಾಲಿನಿಂದ ಆಯೋಗದ ಬಾಗಿಲು ಮುಚ್ಚುವುದಿಲ್ಲ.

ಉಚಿತವಾಗಿ ನಡೆಯುವ ವೃದ್ಧಾಶ್ರಮಗಳಿಗೆ ಈ ಕಾಯ್ದೆ ಅನ್ವಯಿಸದು. ಅಲ್ಲಿ ಹಣದ ವ್ಯವಹಾರವೇ ಇಲ್ಲ. ಅಂಥಲ್ಲಿ ಪೊಲೀಸರು, ಜಿಲ್ಲಾಧಿಕಾರಿಗಳು ಹಾಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯನ್ನು ಕಾಣಬೇಕು. ಮಠಮಾನ್ಯಗಳು ನಡೆಸುವ ಆಶ್ರಮಗಳೂ ಈ ಮಾತಿಗೆ ಹೊರತಲ್ಲವೆಂದು ಹೇಳಲು ನಮಗೆ ಸಂಕೋಚವಿಲ್ಲ. ದಾಸೋಹವೆಂದು ಕರೆದ ಮಾತ್ರಕ್ಕೆ ಲೆಕ್ಕ ಕೇಳಬಾರದೆಂದಾಗುವುದಿಲ್ಲ. ಆ ಮನೆ ಚಿಕಿತ್ಸೆಯನ್ನೂ ಕೊಡುತ್ತಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿಯಾಗಿದೆಯೇ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ವಿಚಾರಿಸಬಹುದು.

ಹಿರಿಯ ನಾಗರಿಕರೆಂದೊಡನೆ ಎಲ್ಲರೂ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯತ್ತ ಬೆರಳು ತೋರಿಸುತ್ತಾರೆ. 2007ರ ಕಾಯ್ದೆಯ ಆ ನ್ಯಾಯಮಂಡಳಿಯು ಮಕ್ಕಳಿಂದ, ಬಂಧುಗಳಿಂದ ಪೋಷಣೆ ಕೊಡಿಸುವುದಕ್ಕಾಗಿ ಇರುವುದು. ಆರೈಕೆಯ ಮನೆಯ ಲೋಪವನ್ನು ವಿಚಾರಿಸುವ ಸ್ಥಳ ಅದಲ್ಲ. ನಾವೂ ಒಂದು ದಿನವನ್ನು ಅಲ್ಲಿ ಕಳೆದು ಬಂದೆವು.

ಅಪರಾಧದ ಮಾತು ಬೇರೆ. ಅಸಹಾಯಕರನ್ನು ನೋಡಿಕೊಳ್ಳುತ್ತೇವೆಂದು ಕರಾರು ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದಿರುವುದು ಭಾರತೀಯ ನ್ಯಾಯ ಸಂಹಿತೆಯ 357ನೆಯ ಕಲಮಿನಂತೆ ಅಪರಾಧ. ಶಿಕ್ಷೆ ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ಈ ಕಲಮನ್ನು ಬಲ್ಲವರು ಪೊಲೀಸ್ ಠಾಣೆಗಳಲ್ಲಿಯೂ ಕಡಿಮೆಯೇ. ಜೀವಕ್ಕೆ ಅಪಾಯವಾಗುವಷ್ಟು ದುಡುಕು, ನಿರ್ಲಕ್ಷ್ಯಗಳಿದ್ದರೆ 125ನೆಯ ಕಲಮಿದೆ. ಠಾಣೆಯಲ್ಲಿ ದೂರು ಸ್ವೀಕರಿಸದಿದ್ದರೆ ಅದನ್ನು ಬರೆದು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ದಂಡಾಧಿಕಾರಿಗಳ ಮುಂದೆ ಹೋಗಬಹುದು. 60 ದಾಟಿದವರನ್ನಾಗಲಿ, ಮಹಿಳೆಯರನ್ನಾಗಲಿ, ರೋಗಪೀಡಿತರನ್ನಾಗಲಿ ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ. ಪೊಲೀಸರೇ ಅವರಿರುವಲ್ಲಿಗೆ ಬರಬೇಕು.

ಬರೆಯಲು ಕಷ್ಟವಾದರೂ ಬಿಡಲಾಗದ ಇನ್ನೊಂದು ಸಂಗತಿಯಿದೆ. ಆರೈಕೆಯ ಮನೆಯಲ್ಲಿಯೇ ಹಿರಿಯರು ಲಿಂಗೈಕ್ಯರಾಗಿ, ಮೈಮೇಲೆ ಸಂಶಯದ ಗುರುತುಗಳಿದ್ದರೆ, ಸಮಾಧಿಕ್ರಿಯೆಗೆ ಮೊದಲು ಪೊಲೀಸರಿಗೆ ತಿಳಿಸಿ ಶವಪರೀಕ್ಷೆ ಮಾಡಿಸಬೇಕು. ಹಾಗೆ ಮಾಡಿದರೆ ಕ್ರಿಯೆಗೆ ಊನ ಬರುತ್ತದೆಂದು ಹಲವರು ಅಳುಕುತ್ತಾರೆ. ಪೂಜ್ಯರನ್ನು ಈ ಬಗ್ಗೆ ವಿನಂತಿಸಿ ಕೇಳಿದಾಗ, ಸತ್ಯ ತಿಳಿಯುವುದಕ್ಕಾಗಿ ಒಂದು ದಿನ ತಡವಾದರೆ ಊನವಿಲ್ಲವೆಂದು ಅಪ್ಪಣೆ ಕೊಡಿಸಿದರು. ನಮ್ಮಲ್ಲಿ ಹೂಳುವ ಸಂಪ್ರದಾಯವಿರುವುದರಿಂದ, ದಂಡಾಧಿಕಾರಿಗಳ ಆದೇಶದ ಮೇಲೆ ಬಳಿಕವೂ ದೇಹವನ್ನು ಹೊರತೆಗೆದು ಪರೀಕ್ಷಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ದಿನ ಕಳೆದಂತೆ ಗುರುತುಗಳು ಅಳಿಯುತ್ತವೆ. ಮನೆಯವರಿಗೆ ಆ ನೋವು ಎರಡನೆಯ ಸಾವಿನಂತೆ.

ಪರದೇಶದಲ್ಲಿರುವ ಮಕ್ಕಳು ಗ್ರಾಹಕರ ಆಯೋಗಕ್ಕೆ ದೂರನ್ನು ಅಂತರ್ಜಾಲದ ಮೂಲಕ ಸಲ್ಲಿಸಬಹುದು. ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಲೂಬಹುದು. ಆದರೆ ಕಡತ ಹಿಡಿದು ಓಡಾಡಲು ಊರಿನಲ್ಲಿ ನಂಬಿಕೆಯ ಒಬ್ಬರು ಬೇಕೇ ಬೇಕು.

ಆ ಸಹೋದರಿಯ ಪ್ರಕರಣಕ್ಕೆ ಬರೋಣ. ದೂರು ಕಾರ್ತಿಕದಲ್ಲಿ ದಾಖಲಾಯಿತು. ನೋಟೀಸು ಮುಟ್ಟಿದ ಮೇಲೆ ಎದುರು ಪಕ್ಷದವರು 30 ದಿನಗಳಲ್ಲಿ, ಆಯೋಗ ಒಪ್ಪಿದರೆ ಇನ್ನೂ 15 ದಿನಗಳಲ್ಲಿ, ತಮ್ಮ ತಕರಾರನ್ನು ಸಲ್ಲಿಸಬೇಕು. ಕೊನೆಯ ದಿನ ಸಲ್ಲಿಸಿದರು. ಎರಡು ಗಂಟೆಗೊಮ್ಮೆ ತಪ್ಪದೆ ಮಗ್ಗುಲು ಬದಲಿಸಿದ್ದೇವೆಂದು ತೋರಿಸಲು ವಹಿಯ ಪ್ರತಿಯನ್ನೂ ಲಗತ್ತಿಸಿದ್ದರು. ಕಾನೂನು ಸೇವಾ ಪ್ರಾಧಿಕಾರದಿಂದ ಬಂದ ಆ ಮಹಿಳಾ ವಕೀಲರು ವಹಿಯನ್ನು ಆಸ್ಪತ್ರೆಯ ದಾಖಲೆಯ ಪಕ್ಕದಲ್ಲಿಟ್ಟು ಸಾಲುಸಾಲಾಗಿ ನೋಡಿದರು. ತಾಯಿ ಆಸ್ಪತ್ರೆಗೆ ಸೇರಿದ ಮರುದಿನವೂ ಅದರಾಚೆಯ ದಿನವೂ ವಹಿಯಲ್ಲಿ ಮಗ್ಗುಲು ಬದಲಿಸಿದ ಗುರುತುಗಳಿದ್ದವು. ಹಗಲಿಗೆ ಆರು, ಇರುಳಿಗೆ ಆರು, ಎಲ್ಲವೂ ಒಂದೇ ಕೈಬರೆಹದಲ್ಲಿ.

ಇಷ್ಟಲಿಂಗ ಸಿಕ್ಕಿತು. ಔಷಧದ ಕಪಾಟಿನ ಕೆಳಖಾನೆಯಲ್ಲಿ, ಕೋಣೆಯ ಸಂಖ್ಯೆ ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಇತ್ತಂತೆ. ತಾಯಿ ಈಗ ಮಗಳ ಮನೆಯಲ್ಲಿದ್ದಾರೆ. ಹಗಲಿಗೊಬ್ಬರು ಆಯಾ ಬರುತ್ತಾರೆ. ಇರುಳಿನ ಸರದಿ ಮಗಳದು, ಮೊಮ್ಮಗನದು. ಹುಣ್ಣಿನ ಅಳತೆ ಒಂಬತ್ತು ಸೆಂಟಿಮೀಟರಿನಿಂದ ಮೂರಕ್ಕೆ ಇಳಿದಿದೆ. ಆರೈಕೆಯ ಮನೆಯವರು ರಾಜಿಗೆ ಬಂದಿದ್ದಾರೆ, ಕಟ್ಟಿದ ಹಣವನ್ನಷ್ಟೇ ಹಿಂದಿರುಗಿಸುತ್ತೇವೆ, ದೂರು ಹಿಂಪಡೆಯಿರಿ ಎಂದು. ವಹಿಯಲ್ಲಿ ಬರೆದದ್ದು ಸುಳ್ಳೆಂದು ಅವರು ಬರೆದುಕೊಡುವವರೆಗೆ ಹಿಂಪಡೆಯುವುದಿಲ್ಲವೆಂದು ಸಹೋದರಿ ತಿಳಿಸಿದ್ದಾರೆ. ಮುಂದಿನ ವಿಚಾರಣೆ ಶಿವರಾತ್ರಿ ಕಳೆದ ಎರಡನೆಯ ವಾರದಲ್ಲಿದೆ.